ಅತ್ತೆಯ ಕಣ್ಣಿಗೆ ಕಮಲಾಪುರ

ಅತ್ತೆಯವರ ಬಲಗಣ್ಣಿಗೂ ಪೊರೆ ಬರತೊಡಗಿದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ ಚಳಿಗಾಲದಲ್ಲೇ ನಾವು ಮೋಟಾರಿನಲ್ಲಿ ಕಮಲಾಪುರ ನೋಡಲು ಹೋದದ್ದು. ಎಡಗಣ್ಣು ಅಷ್ಟರಲ್ಲಿ ಹೋಗಿತ್ತು. ಬಲಗಣ್ಣಿನ ಪೊರೆ ಬಲಿತ ಮೇಲೆ ಕೊಯ್ದು ತೆಗೆಯಬಹುದು, ಅಲ್ಲಿಯವರೆಗೆ ಮಬ್ಬು ಹೆಚ್ಚುತ್ತಲೇ ಇರುತ್ತದೆ ಎಂದು ಡಾಕ್ಟರು ಉರ್ದುವಿನಲ್ಲಿ ಹೇಳಿದ್ದನ್ನು ನನ್ನ ಗಂಡ ಕನ್ನಡದಲ್ಲಿ ತಿಳಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಕಣ್ಣಿಗೆ ಚಾಕು ಹಚ್ಚಿಸಿಕೊಳ್ಳಾಕಿ ನಾ ಅಲ್ಲ. ಕಾಣೋದು ಇರೋದ್ರಾಗ ಒಂದ್ಸಲ ನನ್ನೂರ ಕೆಂಪು ಮಣ್ಣ ನೋಡ್ತೀನಿ. ಆಮ್ಯಾಲ ಅದು ಮುಚ್ಚಿದ್ರ ಮುಚ್ಚಲಿ."

ಕಮಲಾಪುರ ಅವರ ತವರು. ಅಲ್ಲಿಂದ ಕಲಬುರಗಿಗೆ ಒಂಬತ್ತನೆಯ ವರ್ಷಕ್ಕೆ ಮದುವೆಯಾಗಿ ಬಂದವರು. ತಂದೆತಾಯಿ ತೀರಿಕೊಂಡರು, ಅಣ್ಣತಮ್ಮಂದಿರು ವ್ಯಾಪಾರಕ್ಕೆಂದು ಬೇರೆ ಕಡೆ ನೆಲೆಸಿದರು. ತವರು ಇದ್ದಾಗ ಹೋಗಿಬಂದದ್ದೂ ಎತ್ತುಗಳಿಗೆ ಬಿಸಿಲು ತಾಕಬಾರದೆಂದು ಕತ್ತಲಲ್ಲಿ, ಪರದೆ ಕಟ್ಟಿದ ಬಂಡಿಯಲ್ಲಿ. "ಆ ದಾರಿ ನನಗ ಗಾಲಿ ಸಪ್ಪಳದಿಂದ ಗೊತ್ತದವಾ, ಕಣ್ಣಿಂದ ಅಲ್ಲ," ಎನ್ನುತ್ತಿದ್ದರು.

ನಾನು ಕಲಬುರಗಿಯ ಬ್ರಹ್ಮಪುರ ಓಣಿಯ ಅವರ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷ. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಓಣಿಯವರಿಗೆಲ್ಲ ನಾನು "ವಕೀಲರ ಮನಿ ಇಂಗ್ರೇಜಿ ಸೊಸಿ". ವಕೀಲರೆಂದರೆ ಮಾವ. ಅವರ ಕಕ್ಷಿದಾರರಾದ ಜಾಗೀರದಾರರೊಬ್ಬರು ತಮ್ಮ ಮೋಟಾರನ್ನು ಒಂದು ದಿನದ ಮಟ್ಟಿಗೆ ಡ್ರೈವರನ ಸಮೇತ ಕಳಿಸಿಕೊಡಲು ಒಪ್ಪಿದರು. ಮಾವನಿಗೆ ಅಂದು ಕಚೇರಿ ಇತ್ತು. ನಾನು, ನನ್ನ ಗಂಡ, ಅತ್ತೆ ಮೂವರೇ ಹೊರಡುವುದೆಂದಾಯಿತು.

"ದಿನ ಮುಳುಗೋದ್ರಾಗ ಮನಿ ಸೇರಬೇಕು," ಎಂದು ಮಾವ ಮಗನಿಗೆ ಹೇಳಿದರು. "ಮಂದಿ ಮೋಟಾರು. ಅದರ ದೀಪಾನೂ ನಂಬಂಗಿಲ್ಲ."

ಬೆಳಿಗ್ಗೆ ಮೋಟಾರು ಬಾಗಿಲಿಗೆ ಬಂದಾಗ ಅತ್ತೆ ಮೊದಲು ಮಾಡಿದ ಕೆಲಸ ಅದಕ್ಕೆ ಪರದೆ ಕಟ್ಟಿಸಿದ್ದು. ರೋಜಾ ಓಣಿಯ ಅಂಗಡಿಯಿಂದ ತರಿಸಿದ ನೀಲಿ ಛೀಟಿನ ಬಟ್ಟೆ, ಮೇಲೆ ಬಿಳಿ ಚುಕ್ಕೆ. "ದೊಡ್ಡ ಮನಿ ಹೆಣ್ಮಕ್ಕಳು ಬಜಾರದಾಗ ಮಾರಿ ತೋರಿಸಿಕೋತ ಹೋಗ್ತಾರೇನು?" ನೋಡಲು ಹೊರಟವರು ನಾವು, ಪರದೆ ಕಟ್ಟಿದವರೂ ನಾವೇ. ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಎರಡನೆಯ ಕೆಲಸ ಅವರ ಮಡಿ ನೀರಿನದು. ಲಿಂಗಪೂಜೆಯಾಗದೆ ಅತ್ತೆ ಎರಡು ಹೊತ್ತೂ ಊಟ ಮುಟ್ಟುವವರಲ್ಲ. ಆ ಪೂಜೆಗೆ ನಮ್ಮ ಬಾವಿಯ ನೀರೇ ಆಗಬೇಕು, ಅದೂ ಮಡಿಯಲ್ಲಿ ಸೇದಿದ್ದು. ಹೀಗಾಗಿ ಬಾಯಿಗೆ ಬಟ್ಟೆ ಬಿಗಿದ ತಾಮ್ರದ ಬಿಂದಿಗೆಯೊಂದು ನಮ್ಮ ಜೊತೆ ಹೊರಟಿತು. ಮೋಟಾರಿನ ಪಕ್ಕದ ಹಲಗೆಯ ಮೇಲೆ ಅದನ್ನು ಇಡುವ ಜಾಗದಲ್ಲಿ ಡ್ರೈವರನದೊಂದು ತಗಡಿನ ಡಬ್ಬಿ ಇತ್ತು. "ಇದನ್ನ ತಗಿಯವಾ, ನನ್ನ ನೀರಿಗೆ ತಾಗ್ತದ," ಎಂದರು. ಡ್ರೈವರ್ ಮುಂದೆ ಹ್ಯಾಂಡಲ್ ಸುತ್ತುವುದರಲ್ಲಿದ್ದ. ನಾನು ಡಬ್ಬಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟೆ. ಅದರಲ್ಲಿ ಏನಿದೆ ಎಂದು ಕೇಳಲಿಲ್ಲ.

ಊರು ದಾಟಿದ ಮೇಲೆ ನಾನು ಪರದೆಯ ಅಂಚನ್ನು ಎರಡು ಬೆರಳಿನಷ್ಟು ಸರಿಸಿದೆ. ಅತ್ತೆ ನೋಡಿಯೂ ನೋಡದಂತೆ ಇದ್ದರು. ಆ ಎರಡು ಬೆರಳಿನ ಸಂದಿಯಲ್ಲಿ ನನಗೆ ಎಷ್ಟೊಂದು ಕಂಡಿತು! ಕಪ್ಪು ನೆಲದಲ್ಲಿ ಆಳೆತ್ತರ ನಿಂತ ಬಿಳಿಜೋಳ, ತೆನೆಗಳ ಮೇಲೆ ಇನ್ನೂ ಆರದ ಮಂಜು. ಹೂ ಬಿಟ್ಟ ಕುಸುಬೆ. ತೊಗರಿ ಕೊಯ್ಯುತ್ತಿದ್ದ ಹೆಂಗಸರು ಮೋಟಾರಿನ ಸದ್ದಿಗೆ ಕುಡುಗೋಲು ಹಿಡಿದೇ ನೆಟ್ಟಗಾಗಿ, ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದರು. ಒಬ್ಬಾಕೆಯ ಬೆನ್ನಿಗೆ ಕಟ್ಟಿದ್ದ ಕೂಸಿನ ಟೊಪ್ಪಿಗೆಗೆ ಕೆಂಪು ಗೊಂಡೆ ಇತ್ತು. ನನಗೆ ಕಂಡದ್ದನ್ನೆಲ್ಲ ಅತ್ತೆಗೆ ಹೇಳುತ್ತಾ ಹೋದೆ. ಗೊಂಡೆಯ ಬಣ್ಣ ಕೇಳಿ ಅವರು, "ಅಷ್ಟೂ ಕಾಣ್ತದೇನ ನಿನಗ? ಪುಣ್ಯವಂತಿ," ಎಂದರು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ನನಗೇ ಏನೋ ಚುಚ್ಚಿದಂತಾಯಿತು.

ಮಹಾಗಾಂವ ದಾಟಿ ಏರು ಸಿಕ್ಕಿತು. ಅರ್ಧ ಏರಿದ ಮೋಟಾರು ಮೂಗಿನಿಂದ ಬುಸ್ಸೆಂದು ಹೊಗೆ ಬಿಟ್ಟು ನಿಂತುಬಿಟ್ಟಿತು. ಡ್ರೈವರ್ ಇಳಿದು ಮೋಟಾರಿನ ಮುಂಭಾಗ ನೋಡಿ, ಪಕ್ಕದ ಹಲಗೆಯನ್ನು ನೋಡಿ, ಇನ್ನೊಂದು ಪಕ್ಕಕ್ಕೂ ಹೋಗಿ ನೋಡಿ ಬಂದ. ವಯಸ್ಸಾದ ಮನುಷ್ಯ, ಗಡ್ಡಕ್ಕೆ ಗೋರಂಟಿ ಹಚ್ಚುತ್ತಿದ್ದ. ಪರದೆಯ ಹೊರಗೆ ನೆಲ ನೋಡುತ್ತಾ ನಿಂತು ಕೇಳಿದ.

"ಅಮ್ಮಾ, ಮಾಫ್ ಮಾಡ್ರಿ. ಇಲ್ಲೊಂದು ಡಬ್ಬಾ ಇತ್ತಲ್ಲರೀ? ಗಾಡಿ ಕುಡಿಯೋ ನೀರು ಅದರಾಗ ಇತ್ತು."

ಒಳಗೆ ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನನ್ನ ಗಂಡನಿಗೆ ಅರ್ಥವಾಗಿಹೋಯಿತು.

"ಯವ್ವಾ, ಡಬ್ಬಿ ಇಳಿಸೀಯೇನು?"

"ಗಾಡಿನೂ ನೀರು ಕುಡೀತದಂತ ನನಗೇನ ಗೊತ್ತೋ? ಎತ್ತಾಗಿದ್ರ ತಿಳೀತಿತ್ತು, ಬಾಯಿ ತೆರೀತಿತ್ತು."

"ಇದೂ ತೆರದದ ನೋಡು, ಹೊಗಿ ಬರಾಕತ್ತದ."

ಸುತ್ತ ಎಲ್ಲೂ ಬಾವಿ ಕಾಣಲಿಲ್ಲ. ಹತ್ತಿರದ ಹಳ್ಳಿಗೆ ನಡೆದು ನೀರು ತರಬೇಕೆಂದರೆ ಮಧ್ಯಾಹ್ನವಾಗುತ್ತದೆ, ಆಮೇಲೆ ಮುಂದೆ ಹೋಗುವ ಮಾತಿಲ್ಲ, ತಿರುಗಿ ಮನೆಗೇ ಎಂದು ನನ್ನ ಗಂಡ ಲೆಕ್ಕ ಹಾಕಿದರು. ಬಿಂದಿಗೆಯ ಹೆಸರನ್ನು ಯಾರೂ ಎತ್ತಲಿಲ್ಲ. ಡ್ರೈವರ್ ಅಂತೂ ಆ ಕಡೆ ನೋಡಲೂ ಇಲ್ಲ.

ಅತ್ತೆ ತಾವೇ ಪರದೆ ಸರಿಸಿ ಇಳಿದರು. ಹಗಲು ಹೊತ್ತಿನಲ್ಲಿ, ಸರಕಾರಿ ದಾರಿಯ ನಡುವೆ, ನಮ್ಮತ್ತೆ! ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು, "ಎಲ್ಲದ ಇದರ ಬಾಯಿ?" ಎಂದು ಕೇಳಿದರು.

"ಅಮ್ಮಾ, ಪೂಜಾದ ನೀರದು," ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ.

"ಗೊತ್ತದೋ ಯಪ್ಪಾ. ನೀರಡಿಸಿದವರಿಗೆ ಹಾಕಿದ್ರ ಲಿಂಗಯ್ಯ ಸಿಟ್ಟಾಗಂಗಿಲ್ಲ. ನೀ ಬಾಯಿ ತೆರಿ, ನಾ ಹಾಕ್ತೀನಿ. ಬಿಂದಿಗಿ ಮಾತ್ರ ಮುಟ್ಟಬ್ಯಾಡ."

ಬಿಸಿ ಆರಲು ಕಾದು, ಡ್ರೈವರ್ ಚಿಂದಿಬಟ್ಟೆ ಹಿಡಿದು ಮುಚ್ಚಳ ತೆಗೆದ. ಅತ್ತೆ ಸೆರಗು ಬಿಗಿದು, ಕೂಸಿಗೆ ಎರೆಯುವ ಹಾಗೆ ಸಣ್ಣ ಧಾರೆಯಲ್ಲಿ ನೀರು ಹೊಯ್ದರು. ಮೋಟಾರು ಗುಳುಗುಳು ಎಂದಿತು.

"ಕುಡಿಯಾಕತ್ತದ, ಕುಡಿಯಾಕತ್ತದ!" ಎಂದು ಅವರು ಹುಡುಗಿಯ ಹಾಗೆ ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಹಣಿಗೆ ಇಭೂತಿನೂ ಹಚ್ಚಿಬಿಡವ್ವಾ," ಎಂದರು ನನ್ನ ಗಂಡ.

"ಹಚ್ಚತಿದ್ದೆ. ಅದಕ್ಕ ಹಣಿ ಯಾವುದು, ಹೊಟ್ಟಿ ಯಾವುದು ತಿಳೀವಲ್ದು."

ಡ್ರೈವರ್ ಆ ಕಡೆ ತಿರುಗಿ ನಕ್ಕ. ಹೊರಡುವಾಗ ಅತ್ತೆ, "ಗಾಳಿ ಬರಲಿ, ಆ ಅರಿವಿ ಬಿಚ್ಚು," ಎಂದರು. ನಾನು ಪರದೆ ಬಿಚ್ಚಿ ಮಡಿಸಿ ಬುತ್ತಿಯ ಬುಟ್ಟಿಯ ಕೆಳಗೆ ಹಾಕಿದೆ.

ಕಮಲಾಪುರ ಸಮೀಪಿಸಿದಂತೆ ಕಪ್ಪು ನೆಲ ಮುಗಿದು ಕೆಂಪು ನೆಲ ಶುರುವಾಯಿತು. ಆ ಬದಲಾವಣೆ ಒಮ್ಮೆಲೇ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಂಡೆ ಕೆಂಪು, ಹೊಲದ ಒಡ್ಡು ಕೆಂಪು, ದಾರಿಯಲ್ಲಿ ಎದ್ದ ಧೂಳೂ ಕೆಂಪು. ಕುರಿಗಳ ಬಿಳಿ ಉಣ್ಣೆಯೂ ಹೊಟ್ಟೆಯ ತನಕ ಕೆಂಪಾಗಿತ್ತು. ಇಳುಕಲಿನ ಮೇಲೆ ಬೇವಿನ ಮರವೊಂದಿತ್ತು. ಅದರ ಬುಡದಲ್ಲಿ ನಿಂತರೆ ಕೆಳಗೆ ಬಾಳೆಯ ತೋಟ, ಆಚೆ ಊರು, ಇನ್ನೂ ಆಚೆ ಗುಡ್ಡ. ಚಿಕ್ಕಂದಿನಲ್ಲಿ ತಂದೆಯ ಹೆಗಲ ಮೇಲೆ ಕೂತು ಊರು ನೋಡುತ್ತಿದ್ದೆ ಎಂದು ಅತ್ತೆ ಹೇಳುತ್ತಿದ್ದ ಜಾಗ ಅದೇ. ಅವರನ್ನು ಕೈಹಿಡಿದು ಮರದ ನೆರಳಿನಾಚೆ, ಬಯಲು ಚೆನ್ನಾಗಿ ಕಾಣುವಲ್ಲಿ ನಿಲ್ಲಿಸಿದೆ. ನಡುಮಧ್ಯಾಹ್ನ. ನೆತ್ತಿಯ ಮೇಲೆ ಬಿಸಿಲು.

ಅತ್ತೆ ಬಹಳ ಹೊತ್ತು ನೋಡಿದರು. ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದರು.

"ಏನೂ ಇಲ್ಲವಾ. ಎಲ್ಲಾ ಬೆಳ್ಳಗದ. ಸುಣ್ಣಾ ಬಳದಂಗದ."

ನಾನು ಅವರ ಕೈ ಹಿಡಿದುಕೊಂಡೇ ನಿಂತೆ. ಅವರು ಕೈ ಬಿಡಿಸಿಕೊಂಡು, "ಆಯ್ತು, ಊಟಾ ಮಾಡಾಮ. ನನ್ನ ಮಗ ಹಸದಾನ," ಎಂದರು.

ತೋಟದ ಬಾವಿಯ ಹತ್ತಿರ ಇಳಿದೆವು. ತೋಟ ಕಾಯುತ್ತಿದ್ದ ಮುದುಕಿ ಹಗ್ಗ, ಕೊಡ ಕೊಟ್ಟಳು. ಅತ್ತೆ ಆ ಬಾವಿಯ ನೀರಲ್ಲೇ ಕೈಕಾಲು ತೊಳೆದು ಪೂಜೆಗೆ ಕೂತರು. ಅಂಗೈಯ ಲಿಂಗಕ್ಕೆ ನೀರೆರೆಯುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಅದೇ ರುಚಿ," ಎಂದದ್ದು ನನಗೆ ಮಾತ್ರ ಕೇಳಿಸಿತು. ಪೂಜೆಗೆ ಮೊದಲು ಅವರು ಬಾಯಿಗೆ ಏನಾದರೂ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆ ಮೊಸರು. ಮುದುಕಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿಟ್ಟಳು. ಸಿಪ್ಪೆ ಆ ನೆಲದ್ದೇ ಬಣ್ಣ, ಒಳಗೆ ಬೆಣ್ಣೆಯಂಥ ತಿರುಳು. ನನ್ನ ಗಂಡ ಮತ್ತು ಡ್ರೈವರ್ ಸೇರಿ ಚಿಪ್ಪು ಖಾಲಿ ಮಾಡಿದರು. ಅತ್ತೆ ಅವರನ್ನು ನಗಿಸಿದರು, ಮುದುಕಿಯನ್ನೂ ನಗಿಸಿದರು. ಆದರೆ ಒಮ್ಮೆಯೂ ಇಳುಕಲಿನ ಕಡೆ ತಿರುಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ನನ್ನ ಗಂಡ ಎದ್ದರು. ಬುತ್ತಿಯ ಬಟ್ಟೆ ಕೊಡವುತ್ತಿದ್ದ ನನಗೆ ಒಂದು ಸಂಗತಿ ಹೊಳೆಯಿತು. ಅತ್ತೆ ಮಧ್ಯಾಹ್ನ ಎಂದೂ ಅಕ್ಕಿ ಆರಿಸುವುದಿಲ್ಲ. ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿದ ಮೇಲೆ ಮೊರ ಹಿಡಿದು ಕೂರುತ್ತಾರೆ. ಆಗ ಸಾಸಿವೆಯಷ್ಟು ಹರಳೂ ಅವರಿಗೆ ಸಿಗುತ್ತದೆ. ಆ ಕಣ್ಣಿಗೆ ಬೇಡವಾದದ್ದು ಈ ಬಿಸಿಲೇ.

ಹಿರಿಯರ ಎದುರು ಗಂಡನೊಡನೆ ನೇರ ಮಾತಾಡುವ ವಾಡಿಕೆ ನಮ್ಮಲ್ಲಿರಲಿಲ್ಲ. ನಾನು ಬಟ್ಟೆ ಮಡಿಸುತ್ತಾ, ತಲೆ ಎತ್ತದೆ, ಇಂಗ್ಲಿಷಿನಲ್ಲಿ ಹೇಳಿದೆ, ಹೊತ್ತು ಇಳಿಯುವ ತನಕ ಕಾಯೋಣ ಎಂದು. ಅವರೂ ಇಂಗ್ಲಿಷಿನಲ್ಲೇ, ಅಪ್ಪನಿಗೆ ಏನು ಹೇಳುವುದು ಎಂದರು. ನಾನೇ ಹೇಳುತ್ತೇನೆ ಎಂದೆ. ಎರಡು ವರ್ಷದಲ್ಲಿ ಮಾವನೆದುರು ನಾನು ಬಾಯಿ ತೆರೆದದ್ದೇ ಇಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

"ಏನದು ಟಸ್ ಪುಸ್?" ಎಂದರು ಅತ್ತೆ. "ನನ್ನ ಕಣ್ಣಿನ ಮಾತೇ ಇರಬೇಕು, ಇಬ್ಬರೂ ನನ್ನ ಬಿಟ್ಟು ಎಲ್ಲಾ ಕಡಿ ನೋಡಾಕತ್ತೀರಿ."

"ಇನ್ನ ಸ್ವಲ್ಪ ಹೊತ್ತು ಕೂಡಾಮ ಅಂತಾಳ, ಯವ್ವಾ. ಬಿಸಿಲು ಇಳದ ಮ್ಯಾಲ ನಿನಗ ಕಾಣಬಹುದಂತ."

"ಬ್ಯಾಡ ಬ್ಯಾಡ. ನಿಮ್ಮಪ್ಪ ಬೈತಾನ. ನೋಡಿದಂಗ ಆಯ್ತು, ನಡೀರಿ."

ಡ್ರೈವರ್ ಬಾವಿಯ ಕಟ್ಟೆಯಿಂದ ಕೆಮ್ಮಿದ. "ಅಮ್ಮಾ, ವಕೀಲ ಸಾಹೇಬರಿಗೆ ಗಾಡಿ ಬಿಸಿ ಆಗಿತ್ತಂತ ಹೇಳ್ತೀನ್ರಿ. ಸುಳ್ಳೇನಲ್ಲ. ದೀಪದ ಜಿಮ್ಮಾ ನಂದು, ಕತ್ತಲಾದ್ರೂ ಮನಿ ಮುಟ್ಟಸ್ತೀನಿ."

ಅತ್ತೆ ಮತ್ತೆ ಬೇಡವೆನ್ನಲಿಲ್ಲ.

ಚಳಿಗಾಲದ ಹೊತ್ತು ಬೇಗ ಇಳಿಯುತ್ತದೆ ಎನ್ನುತ್ತಾರೆ. ಅಂದು ಅದಕ್ಕೆ ಅವಸರವೇ ಇರಲಿಲ್ಲ. ನಾವು ಹಸಿ ಕಡಲೆ ಸುಲಿದು ತಿಂದೆವು. ಅತ್ತೆ ಸೆರಗು ಮುಖದ ಮೇಲೆಳೆದುಕೊಂಡು ನಿದ್ದೆ ಬಂದವರಂತೆ ಕೂತಿದ್ದರು, ಕಾಲ ಬೆರಳು ಮಾತ್ರ ಅಲ್ಲಾಡುತ್ತಿತ್ತು. ಬೇವಿನ ನೆರಳು ಉದ್ದವಾಗಿ ದಾರಿ ದಾಟಿದಾಗ ಅವರನ್ನು ಮತ್ತೆ ಇಳುಕಲಿನ ಮೇಲೆ ಕರೆದೊಯ್ದೆ. ಸೂರ್ಯ ನಮ್ಮ ಬೆನ್ನಿಗಿದ್ದ. ಗಾಳಿ ತಣ್ಣಗಿತ್ತು. ಎದುರಿನ ನೆಲವೆಲ್ಲ ಆಗಷ್ಟೇ ನೀರು ಚಿಮುಕಿಸಿದ ಹಾಗೆ ಬಣ್ಣ ಬಿಟ್ಟಿತ್ತು.

ಅತ್ತೆ ಸೆರಗು ತೆಗೆದರು.

"ಕೆಂಪು," ಎಂದರು.

ಆಮೇಲೆ ನಿಧಾನವಾಗಿ ಬೆರಳು ಎತ್ತಿದರು. "ಅದು ತ್ವಾಟ. ಎಲಿ ಹರದಾವ ಗಾಳಿಗೆ. ಅಕಾ ಅಲ್ಲಿ, ಕಟ್ಟೀ ಮ್ಯಾಲ ಯಾರೋ ಹಳದಿ ಅರಿವಿ ಒಣಾಕ್ಯಾರ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಕಣ್ಣಿನ ಮುಖ ಅಷ್ಟೊಂದು ಸಂಭ್ರಮ ಹಿಡಿಯಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಹಳದಿ ಬಟ್ಟೆ ಅಲ್ಲಿತ್ತೋ ಇಲ್ಲವೋ ನಾನು ನೋಡಿರಲೇ ಇಲ್ಲ.

"ಗಿಣಿ ಹಿಂಡು ಬಂತು ನೋಡು, ನೋಡು! ತ್ವಾಟದಾಗ ಇಳೀತು," ಎಂದವರು ನನ್ನ ಕಡೆ ತಿರುಗಿ ಗಲ್ಲ ಹಿಡಿದು ಆ ಕಡೆ ತಿರುಗಿಸಿದರು. "ಹುಚ್ಚೀ, ನನ್ನ ಮಾರಿ ಏನ ನೋಡ್ತಿ? ಕಣ್ಣದಾವಲ್ಲ ನಿನಗ? ಅಲ್ಲಿ ನೋಡವಾ."