ಪ್ರಥಮ ಚಿಕಿತ್ಸೆಯಲ್ಲಿ ನನಗೆ ಬಂದ ಮೊದಲ ಸ್ಥಾನ

ಸೋಮವಾರ ನಮ್ಮ ಕಚೇರಿಗೆ ಹೊಸ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಂತು. ಮುಚ್ಚಳ ತೆಗೆದೊಡನೆ ಟಿಂಚರಿನ ವಾಸನೆ ಮೇಜಿನ ಮೇಲೆಲ್ಲ ಹರಡಿತು. ಎಲ್ಲರೂ ಒಮ್ಮೆ ಇಣುಕಿ ನೋಡಿ ತಮ್ಮ ತಮ್ಮ ಕುರ್ಚಿಗೆ ಹೋದರು. ನಾನು ಮಾತ್ರ ಕಿಟಕಿ ತೆಗೆಯುವ ನೆಪದಲ್ಲಿ ದೂರ ಸರಿದೆ. ನೀವು ಕೆಲಸ ಮಾಡುವಲ್ಲಿಯೂ ಇಂಥ ಪೆಟ್ಟಿಗೆಯೊಂದು ಇರಬಹುದು. ಅದು ತೆರೆದದ್ದನ್ನು ನೀವು ನೋಡಿದ್ದರೆ ನಿಮ್ಮದು ಪುಣ್ಯದ ಕಚೇರಿ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ತಾರಮಂಗಲಂ ಹತ್ತಿರದ ಒಂದು ಸಬ್ಬಕ್ಕಿ ಕಾರ್ಖಾನೆಯಲ್ಲಿ. ಸೇಲಂನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಅದಕ್ಕೆ ತಕ್ಕ ಕೆಲಸ ಸಿಗುವವರೆಗೆ ಎಂದು ಹಾಜರಿ ಬರೆಯಲು ಕೂತವಳು. ಸಿಗುವವರೆಗೆ ಎಂಬುದು ಮೂರು ವರ್ಷವಾಯಿತು. ಮರಗೆಣಸನ್ನು ಸುಲಿದು, ಅರೆದು, ಅದರ ಹಾಲನ್ನು ತೊಟ್ಟಿಯಲ್ಲಿ ತಿಳಿಯಲು ಬಿಟ್ಟು, ತಳದಲ್ಲಿ ಕೂತ ಹಿಟ್ಟನ್ನು ಕಾಳು ಕಟ್ಟಿ ಕಾದ ತಟ್ಟೆಯ ಮೇಲೆ ಹುರಿಯುವುದು ಅಲ್ಲಿಯ ಕೆಲಸ. ಹುರಿಯುವವರೆಲ್ಲ ಹೆಂಗಸರು, ಹೆಚ್ಚಿನವರು ಮೇಟೂರಿನ ಕಡೆಯಿಂದ ಬಂದ, ಮನೆಯಲ್ಲಿ ಕನ್ನಡ ಆಡುವವರು. ನಾನೂ ಆ ಕಡೆಯವಳೇ. ಆದರೆ ಓದು ಹೆಚ್ಚಾದಂತೆ ನನ್ನ ಮಾತು ಕಡಿಮೆಯಾಗಿತ್ತು. ಅದನ್ನು ಅವರು ಗಾಂಭೀರ್ಯ ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಒಂದು ದಿನ ಪಟ್ಟಣದಿಂದ ಮೇಷ್ಟ್ರೊಬ್ಬರು ಪ್ರಥಮ ಚಿಕಿತ್ಸೆ ಕಲಿಸಲು ಬಂದರು. ರೋಗಿಯಾಗಲು ಯಾರೂ ಒಪ್ಪದೆ ಕಾವಲುಗಾರ ಮುನಿಯಪ್ಪನನ್ನು ಬೆಂಚಿನ ಮೇಲೆ ಮಲಗಿಸಿದರು. ಒಂದು ಗಂಟೆಯೊಳಗೆ ಅವನ ತೋಳು ಮುರಿಯಿತು, ಹಾವು ಕಚ್ಚಿತು, ನೀರಿನಲ್ಲೂ ಮುಳುಗಿದ. ಕೊನೆಗೆ ಎದ್ದು ಕೂತು ಕಾಫಿ ಕೇಳಿದ. ಸುಟ್ಟ ಗಾಯದ ಪಾಠಕ್ಕೆ ಬಂದಾಗ ಮೇಷ್ಟ್ರು ತಮಿಳಿನಲ್ಲಿ ಮೂರು ಸಲ ಹೇಳಿದರು: ತಣ್ಣೀರು, ಬರೀ ತಣ್ಣೀರು, ಇಪ್ಪತ್ತು ನಿಮಿಷ. ಹಿಟ್ಟು, ಶಾಯಿ, ಎಣ್ಣೆ ಯಾವುದೂ ಕೂಡದು.

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಸುಟ್ಟರೆ ತೊಟ್ಟಿಯ ಹಸಿ ಹಿಟ್ಟು ಮೆತ್ತುವುದು ಅಲ್ಲಿಯ ರೂಢಿ. ಹುರಿಯುವವರಲ್ಲಿ ಹಿರಿಯಳಾದ ಕೆಂಪಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನೀರು ಉಯ್ದ್ರೆ ಬೊಬ್ಬೆ ಏಳ್ತೈತೆ ಅಂತ ನಮ್ಮತ್ತೆ ಯೋಳೋಳು. ಪಾಪ, ಈ ವಾತ್ಯಾರಿಗೆ ಅತ್ತೆ ಇಲ್ಲಾಂತ ಕಾಣ್ತೈತೆ."

ನಾನು ನಗಲಿಲ್ಲ, ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ನನಗೇ ಮೊದಲ ಸ್ಥಾನ. ಪರೀಕ್ಷೆ ಬರೆದವರು ಮೂವರು ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ತೂಗುಹಾಕಿದರು. ಮೇಷ್ಟ್ರು ಕೊಟ್ಟುಹೋದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೀಗ ಹಾಕಿಸಿಕೊಂಡು ಮ್ಯಾನೇಜರ ಕೋಣೆಯ ಗೋಡೆಗೇರಿತು. ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮವಿಟ್ಟು ಹೂ ಮುಡಿಸಿದರು. ಅದಕ್ಕೆ ಬೀಗ ಏಕೆಂದರೆ, ತಪಾಸಣೆಗೆ ಬಂದವರು ಪಟ್ಟಿ ಹಿಡಿದು ನೋಡುವಾಗ ಒಂದು ಬ್ಯಾಂಡೇಜೂ ಕಡಿಮೆ ಇರಬಾರದು. ಬಳಸಿದರೆ ಕಡಿಮೆಯಾಗುತ್ತದೆ. ಆದ್ದರಿಂದ ಬಳಸುವಂತಿಲ್ಲ. ಈ ತರ್ಕದಲ್ಲಿ ಎಂ.ಎಸ್ಸಿ. ಓದಿದ ನನಗೂ ಆಗ ತಪ್ಪೇನೂ ಕಾಣಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹುರಿಯುವ ಸಾಲಿನ ಮಾದಮ್ಮ ಕಾಲು ಜಾರಿ ಕಾದ ತಟ್ಟೆಯ ಮೇಲೆ ಬಲಗೈ ಊರಿಬಿಟ್ಟಳು. ಕೂಗು ಕೇಳಿ ಓಡಿದೆ. ಅಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು. ಹತ್ತು ಹೆಜ್ಜೆಯಾಚೆ ನಲ್ಲಿ ಇತ್ತು, ನೀರೂ ಬರುತ್ತಿತ್ತು. ಕೆಂಪಮ್ಮ ಆಗಲೇ ಹಸಿ ಹಿಟ್ಟು ಬಾಚಿಕೊಂಡು ಬರುತ್ತಿದ್ದಳು. ಮಾದಮ್ಮ ಎಡಗೈಯಿಂದ ಅವಳನ್ನು ತಡೆದು ನನ್ನ ಮುಖ ನೋಡಿದಳು.

"ಏನ್ ಮಾಡ್ಲಮ್ಮ? ಓದ್ಕೊಂಡೋಳು ನೀನೇ ಯೋಳು," ಎಂದಳು.

ಹೇಳಬೇಕಾದದ್ದು ಒಂದೇ ಮಾತು. ಅಷ್ಟೂ ಹೆಂಗಸರು, ಅಲ್ಲಿಲ್ಲದ ಕೆಂಪಮ್ಮನ ಅತ್ತೆಯೂ ಸೇರಿ, ನನ್ನನ್ನೇ ನೋಡುತ್ತಿದ್ದರು. ನೀರು ಎಂದರೆ ಅವರೊಡನೆ ವಾದ ಮಾಡಬೇಕು, ಅವಳ ಕೈ ಹಿಡಿದು ಎಳೆದುಕೊಂಡು ಹೋಗಬೇಕು. "ಇರು ಮಾದಕ್ಕ, ಪೆಟ್ಟಿಗೆ ತರ್ತೀನಿ," ಎಂದು ಹೊರಟುಬಿಟ್ಟೆ.

ಬೀಗದ ಕೈ ಮ್ಯಾನೇಜರ ಜೇಬಿನಲ್ಲಿತ್ತು. ಮ್ಯಾನೇಜರು ಗೆಣಸಿನ ಲಾರಿಯ ಹತ್ತಿರ ಇದ್ದರು. ಈ ವಾರವೇ ತಪಾಸಣೆ ಇದೆಯಲ್ಲಮ್ಮ ಎಂದರು. ನಾನು ನಿಯಮ ಹೇಳಿದೆ, ಅವರು ಇನ್ನೊಂದು ನಿಯಮ ಹೇಳಿದರು, ಕೊನೆಗೆ ನಾನೇ ಗೆದ್ದೆ. ಪೆಟ್ಟಿಗೆ ಹಿಡಿದು ಬಂದಾಗ ಮಾದಮ್ಮನ ಕೈ ಮೊಣಕೈವರೆಗೆ ಬೆಳ್ಳಗೆ ಮೆತ್ತಿಹೋಗಿತ್ತು. ಮುಚ್ಚಳ ತೆಗೆದೆ. ಹತ್ತಿ, ಬಟ್ಟೆ, ಕತ್ತರಿ, ಟಿಂಚರ್. ಆ ಹೊತ್ತಿಗೆ ಆ ಕೈಗೆ ಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಅದೂ ನನಗೆ ಮೊದಲೇ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಒಣಗಿದ ಹಿಟ್ಟನ್ನು ನೆನೆಸಿ ನೆನೆಸಿ ಬಿಡಿಸಬೇಕಾಯಿತು. ನಾನು ಹೊರಗೆ ನಿಂತು ಮಾದಮ್ಮನ ನರಳಾಟ ಕೇಳಿದೆ. ನಡುವೆ ನರ್ಸ್ ಪರದೆ ಸರಿಸಿ, ಕೂಡಲೇ ನೀರು ಹಾಕಬೇಕೆಂದು ಅಲ್ಲಿ ಒಬ್ಬರಿಗೂ ತಿಳಿದಿರಲಿಲ್ಲವೇ ಎಂದು ತಮಿಳಿನಲ್ಲಿ ಕೇಳಿದಳು. ಇಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದೆ. ಮಾದಮ್ಮ ಹಾಸಿಗೆಯಿಂದಲೇ ತಲೆ ಎತ್ತಿ ನನ್ನತ್ತ ನೋಡಿದಳು.

ಗಾಯ ಮಾಯಿತು, ಎರಡು ಬೆರಳು ಮಾತ್ರ ಪೂರ್ತಿ ಚಾಚಲು ಬರಲಿಲ್ಲ. ಹುರಿಯುವ ಸಾಲಿನಿಂದ ತೆಗೆದು ಅವಳನ್ನು ಅಂಗಳ ಗುಡಿಸಲು ಹಾಕಿದರು. ನಾನು ಕೆಲಸ ಬಿಟ್ಟು ಹೊರಟ ದಿನ, ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು.

"ಆಸ್ಪತ್ರೇಲಿ ಯಾರ್ಗೂ ಗೊತ್ತಿಲ್ಲ ಅಂದ್ಯಲ್ಲ, ಒಳ್ಳೇದ್ ಮಾಡ್ದೆ ಕಣಮ್ಮ. ಪಾಠ ಕೇಳಿಯೂ ಇಟ್ಟು ಮೆತ್ಕೊಂಡೋರು ಅಂತ ಗೊತ್ತಾಗಿದ್ರೆ ಆ ನರ್ಸಮ್ಮ ಸುಮ್ನೆ ಬುಡ್ತಿದ್ಲಾ? ನಮ್ ಮಾನ ಉಳಿಸ್ದೆ."

ಹಾಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಬಸ್ಸಿಗೆ ಹೊತ್ತಾಗುತ್ತಿತ್ತು. ಅಂದರೆ ಇನ್ನೂ ಮುಕ್ಕಾಲು ಗಂಟೆ ಇತ್ತು. "ಇರ್ಲಿ ಬಿಡು ಮಾದಕ್ಕ," ಎಂದು ಬಂದುಬಿಟ್ಟೆ.

ಈಗಿನ ಕಚೇರಿಯಲ್ಲಿ ನನ್ನ ಹಳೆಯ ಸರ್ಟಿಫಿಕೇಟು ಯಾರ ಕಣ್ಣಿಗೋ ಬಿದ್ದು, ನಿನ್ನೆ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ಪಾಠ ನಾನೇ ಮಾಡಬೇಕಾಯಿತು. ಕೈ ಸುಟ್ಟರೆ ಮೊದಲು ಏನು ಮಾಡಬೇಕು ಎಂದು ಕೇಳಿದೆ. ಹಿಂದಿನ ಸಾಲಿನ ಟೈಪಿಸ್ಟ್ ಹುಡುಗಿಗೆ ಉತ್ತರ ಗೊತ್ತಿತ್ತು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಗಟ್ಟಿಯಾಗಿ ಹೇಳಮ್ಮ ಎಂದೆ. ಹೇಳಿದಳು. ಇನ್ನೂ ಗಟ್ಟಿಯಾಗಿ ಎಂದೆ. ಮೂರನೆಯ ಸಲಕ್ಕೆ ಪಕ್ಕದ ಕೋಣೆಯವರು ಬಂದು ಇಣುಕಿದರು. ಇಷ್ಟು ಏಕೆ ಕೂಗಿಸಿದಿರಿ ಎಂದು ಅವಳು ಮುಖ ಕೆಂಪಗೆ ಮಾಡಿಕೊಂಡು ಕೇಳಿದಾಗ ಮಾದಮ್ಮನ ಕೈಯ ವಿಷಯ ಹೇಳಿದೆ. ನರ್ಸಿಗೆ ನಾನು ಕೊಟ್ಟ ಉತ್ತರವನ್ನೂ ಬಿಡಲಿಲ್ಲ.

ಆ ಉತ್ತರ ಉಳಿಸಿದ್ದು ನನ್ನ ಮಾನವನ್ನು ಎಂದು ಮಾದಕ್ಕನಿಗೆ ಹೇಳುವುದು ಇನ್ನೂ ಬಾಕಿ ಇದೆ. ಭಾನುವಾರ ಹೋಗುತ್ತೇನೆ. ಬೈದರೆ ಬೈಸಿಕೊಂಡು ಬರುತ್ತೇನೆ.