ಮನೆಅಳಿಯನೂ ಮುಂದಿನ ಬ್ರೇಕೂ

ಅವರ್ಸಾದ ಆ ಮನೆಯಲ್ಲಿ ನಾನು ಮನೆಅಳಿಯ. ವಕೀಲರಾದ ಮಾವನವರು ನನಗೆ ಅನ್ನ ಹಾಕಿ ಮ್ಯಾಟ್ರಿಕ್‌ವರೆಗೆ ಓದಿಸಿದ್ದರು, ಆಮೇಲೆ ಮಗಳನ್ನೂ ಕೊಟ್ಟಿದ್ದರು. ಹಾಗಾಗಿ ಕಾರವಾರದ ಕೋರ್ಟಿಗೆ ಹೋಗಿಬರಲೆಂದು ಅವರು ಒಂದು ಸಣ್ಣ ಫಟಫಟಿ ಕೊಂಡಾಗ, ಅದನ್ನು ಹೊಡೆಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಬೆಳಿಗ್ಗೆ ಅವರನ್ನು ಹಿಂದೆ ಕೂರಿಸಿಕೊಂಡು ಹೋಗುವುದು, ಸಂಜೆಯವರೆಗೆ ಕೋರ್ಟಿನ ಹೊರಗೆ ಮರದಡಿ ಕಾಯುವುದು, ಮತ್ತೆ ಕರೆತರುವುದು. ಎತ್ತಿಗಾದರೂ ಅಮಾವಾಸ್ಯೆಗೆ ಬಿಡುವು ಸಿಗುತ್ತಿತ್ತು.

ಆ ವರ್ಷ ಧಾರವಾಡದ ಒಂದು ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಹೋಳಿಯ ಸುಗ್ಗಿ ಹಬ್ಬದೊಳಗೆ ಹೋಗಿ ಸೇರಬೇಕಿತ್ತು. ಬೇರೆ ಮನೆ, ನಮ್ಮದೇ ಒಲೆ ಎಂಬ ಆಸೆ ನನಗೂ ಹೆಂಡತಿಗೂ ಹತ್ತಿಬಿಟ್ಟಿತು. ಮಾವನವರೂ ಬೇಡವೆನ್ನಲಿಲ್ಲ.

"ಹೋಗೂಕೆ ಅಡ್ಡಿಲ್ಲ. ಆದ್ರೆ ಆ ಮುಂದಿನ ಬ್ರೇಕು ನಿಮ್ಮ ಕೈಗೆ ಮಾತ್ರ ಬಗ್ತದೆ. ಬೇರೆಯವ್ರ ಹಿಂದೆ ಕೂತ್ರೆ ಬಿಣಗಾ ಘಟ್ಟದಲ್ಲೇ ನನ್ನ ಕತೆ ಮುಗೀತದೆ. ಅದೊಂದು ಸರಿ ಮಾಡಿಕೊಟ್ಟು ಹೋಗಿ" ಎಂದರು.

ಅದು ಸುಳ್ಳಲ್ಲ. ಬ್ರೇಕಿನ ಹಿಡಿ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಇನ್ನಷ್ಟು ಒತ್ತಿದರೆ ಚಕ್ರ ಒಮ್ಮೆಲೇ ಕಚ್ಚಿ, ಮಾವನವರ ಮೂಗು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಕೈ ಬಿಟ್ಟರೂ ಹಿಡಿ ಬೇಗ ಹಿಂದಕ್ಕೆ ಬರುತ್ತಿರಲಿಲ್ಲ. ಈ ರಗಳೆ ಚಳಿಗಾಲದಲ್ಲಿ, ಅದೂ ಬೆಳಿಗ್ಗೆ ಮಾತ್ರ. ಸಂಜೆ ಮರಳುವಾಗ ಅದೇ ಬ್ರೇಕು ಸಾಧು ಪ್ರಾಣಿ. ಒಳಗಿನ ಪಟ್ಟಿ ಬಿಚ್ಚಿ ಉಜ್ಜಿದೆ, ತಂತಿ ಬಿಗಿ ಮಾಡಿದೆ, ಸಡಿಲಿಸಿದೆ. ಬೆಳಗಾದರೆ ಹಾಡಿದ್ದೇ ಹಾಡು. ಸುಗ್ಗಿ ಹತ್ತಿರ ಬಂದಂತೆ ನನಗೆ ಆ ಅಂಗಳದಲ್ಲೇ ಉಸಿರು ಕಟ್ಟತೊಡಗಿತು.

ಮಾಘದ ಒಂದು ಬೆಳಿಗ್ಗೆ ಹೆಂಡತಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಬಚ್ಚಲೊಲೆಯ ಪಕ್ಕ ಇಡುತ್ತಿದ್ದಳು.

"ಅಲ್ಲಿ ಎಂತಕೆ?" ಎಂದೆ.

"ಚಳಿಗೆ ಹೆಪ್ಪಾಗ್ಯದೆ. ಕರಗೂಕೆ ಬೇಡ್ವಾ?"

ಆಗ ನನ್ನ ಮಂಡೆಗೆ ಹೊಳೆಯಿತು. ನಮ್ಮ ಕಡೆ ಬಾವಿಯ ಗಡಗಡೆ ಇರಲಿ, ಬಾಗಿಲ ತಿರುಗಣಿ ಇರಲಿ, ಕೂಸಿನ ನೆತ್ತಿ ಇರಲಿ, ಎಲ್ಲಕ್ಕೂ ತೆಂಗಿನೆಣ್ಣೆಯೇ. ಉಪ್ಪುಗಾಳಿಗೆ ಬ್ರೇಕಿನ ತಂತಿ ತುಕ್ಕು ಹಿಡಿಯದಿರಲೆಂದು ಮಾವನವರು ಆಗಾಗ ತಮ್ಮ ಕೈಯಾರೆ ಅದರ ಕೊಳವೆಯೊಳಗೆ ಅದನ್ನೇ ಬಿಡುತ್ತಿದ್ದರು. ರಾತ್ರಿಯ ಚಳಿಗೆ ಎಣ್ಣೆ ಒಳಗೇ ಹೆಪ್ಪುಗಟ್ಟಿ ತಂತಿಯನ್ನು ಹಿಡಿದುಕೊಳ್ಳುತ್ತಿತ್ತು.

ಆ ಭಾನುವಾರವೇ ತಂತಿ ಎಳೆದು ತೆಗೆದೆ. ಅದನ್ನೂ ಕೊಳವೆಯನ್ನೂ ಚಿಮಣಿ ಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತೆಳ್ಳನೆಯ ಮಿಷನ್ ಎಣ್ಣೆ ಬಿಟ್ಟೆ. ಕೊಳವೆ ಹ್ಯಾಂಡಲಿನ ಬಳಿ ತೀರಾ ಬಾಗಿದ್ದ ಜಾಗವನ್ನು ನೇರ ಮಾಡಿ ಕಟ್ಟಿದೆ. ಮರುದಿನ ಇಬ್ಬನಿಯಲ್ಲೇ ಹೊಡೆದು ನೋಡಿದೆ. ಎರಡು ಬೆರಳಿಗೆ ಚಕ್ರ ಮೆತ್ತಗೆ ಹಿಡಿಯಿತು, ಒತ್ತಿದಷ್ಟೇ ಹಿಡಿಯಿತು. ಕೊಟ್ಟಿಗೆಯ ಹತ್ತಿರ ನಿಂತು ಒಬ್ಬನೇ ನಕ್ಕೆ. ಧಾರವಾಡ ಅಲ್ಲೇ ಕಂಡಷ್ಟು ಖುಷಿಯಾಯಿತು.

ಹಿಂದೆ ಬಸ್ಸು ಹೊಡೆಯುತ್ತಿದ್ದ ಭಾವಿಕೇರಿಯವನೊಬ್ಬನನ್ನು ನಾನೇ ಗೊತ್ತು ಮಾಡಿದೆ. ಅವನು ಮಾವನವರನ್ನು ಕೂರಿಸಿಕೊಂಡು ಕಾರವಾರಕ್ಕೆ ಹೊರಟ. ಇಡೀ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಮಾತ್ರ ಧೈರ್ಯದಿಂದ ಟ್ರಂಕು ತುಂಬಿದಳು.

ಸಂಜೆ ಇಬ್ಬರೂ ಸುಖವಾಗಿ ಬಂದರು. ಮಾವನವರು ಜಗುಲಿಯಲ್ಲಿ ಕೂತು ನೀರು ಕುಡಿದು, ನಗುನಗುತ್ತಲೇ ನನ್ನನ್ನು ಕರೆದರು.

"ಬ್ರೇಕು ಬೆಣ್ಣೆ ಹಂಗೆ ಹಿಡೀತದೆ. ಅಂವನೂ ಚಲೋ ಹೊಡೀತ. ಆದ್ರೆ ನಾಳೆ ಇದು ಮತ್ತೆ ಕೆಟ್ರೆ, ನಿಮ್ಮನ್ನ ಕರೂಕೆ ಧಾರವಾಡಕ್ಕೆ ಹೋಗೂದಾ? ಇಷ್ಟು ತಿಳಿದವ್ರು ಮನೇಲಿರೂದು ನನ್ನ ಪುಣ್ಯ. ಅಂವನಿಗೆ ನಾಳೆಯಿಂದ ಬರೂದು ಬೇಡ ಅಂದೆ. ಶಾಲೆಯವರಿಗೆ ಕಾರವಾರದಿಂದ್ಲೇ ತಾರು ಹೊಡ್ದೆ, ಅಳಿಯಂದಿರು ಬರೂದಿಲ್ಲ ಅಂತ."

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ್ದೆ. ಮೈಯೆಲ್ಲ ಉರಿಯಿತು. ಆದರೂ ಇಷ್ಟು ವರ್ಷ ಉಂಡ ಅನ್ನದ ಋಣಕ್ಕೆ ನನ್ನ ಬಾಯಿಂದ "ಆಯ್ತು" ಎಂದಷ್ಟೇ ಹೊರಟಿತು.

ಒಳಗೆ ಹೋದೆ. ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಅಪ್ಪನನ್ನು ಬೈಯಲೂ ಇಲ್ಲ. ಟ್ರಂಕು ತೆರೆದು, ತಳದಲ್ಲಿ ಮಡಚಿಟ್ಟಿದ್ದ ನನ್ನ ಅಂಗಿಯನ್ನು ಹುಡುಕಿ ತೆಗೆದಳು.

"ನಾಳೆ ಕೋರ್ಟಿಗೆ ಹಾಕ್ಕೊಳ್ಳೂಕೆ ಬೇಕಲ್ಲ" ಎಂದಳು.