ಆಯುಧಪೂಜೆಗೆ ತೊಳೆದ ಹರಳು

ನಾನು ಅತಿವಾಹಕಗಳ, ಅಂದರೆ ಸೂಪರ್‌ಕಂಡಕ್ಟರುಗಳ, ಹರಳು ಬೆಳೆಸುತ್ತಿದ್ದೆ. ಚಳ್ಳಕೆರೆಯ ನಮ್ಮ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇದನ್ನು ಬಿಡಿಸಿ ಹೇಳುವುದೆಂದರೆ ನನಗೆ ರೇಗುತ್ತಿತ್ತು. ಕೊನೆಗೆ ಅಪ್ಪನಿಗೆ ಗಾಣದ ಲೆಕ್ಕದಲ್ಲೇ ಹೇಳಿದೆ. ವಿಪರೀತ ಚಳಿಯಲ್ಲಿ, ಭಾರೀ ಅಯಸ್ಕಾಂತದೊಳಗೆ ಇಟ್ಟರೆ ಹರಳಿನ ಎಲೆಕ್ಟ್ರಾನು ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತದೆ. ಎಲ್ಲೂ ಎಡವದೆ ಸುತ್ತು ಮುಗಿಸಿದರೆ, ಅಯಸ್ಕಾಂತದ ಬಲ ಏರಿಸಿದಂತೆ ಹರಳಿನ ವಿದ್ಯುತ್ ರೋಧ ಅಲೆಅಲೆಯಾಗಿ ಏರಿಳಿಯುತ್ತದೆ. ಆ ಅಲೆಗಳಿಂದ ಎಲೆಕ್ಟ್ರಾನು ನಡೆದ ದಾರಿಯ ನಕ್ಷೆ ಬರೆಯಬಹುದು. "ಎತ್ತಿನ ದಾರೀಲಿ ಕಲ್ಲಿರಬಾರದು, ಅಷ್ಟೇ ತಾನೆ?" ಎಂದರು ಅಪ್ಪ. ಹೌದು, ಅಷ್ಟೇ. ಹರಳು ಅಷ್ಟು ಶುದ್ಧವಿರಬೇಕು.

ವರ್ಷಗಟ್ಟಲೆ ಕುಲುಮೆ ಕಾದ ಮೇಲೆ ಅಂಥದ್ದೊಂದು ಕೈಗೆ ಬಂತು. ಕರಿಎಳ್ಳಿನಷ್ಟು ಚಿಕ್ಕದು. ಹೊರದೇಶದ ಪ್ರಯೋಗಾಲಯವೊಂದು ತನ್ನ ಅಯಸ್ಕಾಂತವನ್ನು ಕೆಲವು ದಿನ ನಮಗೆ ಬಿಟ್ಟುಕೊಡುವುದಿತ್ತು. ಹರಳನ್ನು ನಮ್ಮ ಗುರುಗಳು ಒಯ್ಯುವವರಿದ್ದರು. ಅಲೆ ಕಂಡರೆ ನನ್ನ ಪಿಎಚ್‌ಡಿ ಮುಗಿಯುತ್ತಿತ್ತು. ಕಾಣದಿದ್ದರೆ ಎಲ್ಲ ಬಿಟ್ಟು ಬಂದು ಮದುವೆಗೆ ಒಪ್ಪುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟಿದ್ದೆ.

ಆಯುಧಪೂಜೆ ಬಂತು. ನಾನು ಓದುತ್ತಿದ್ದ ಬೆಂಗಳೂರಿನಲ್ಲಿ ಬಿಡದ ಮಳೆ. ತೇವ ಈ ಹರಳಿಗೆ ವಿಷ. ನಮ್ಮ ಒಣ ಊರೇ ವಾಸಿಯೆಂದು ಡಬ್ಬಿಯಲ್ಲಿಟ್ಟು ಊರಿಗೇ ತಂದೆ. ಇದು ನನ್ನ ಕೆಲಸದ್ದು, ಯಾರೂ ಮುಟ್ಟಬೇಡಿ ಎಂದು ಹೇಳಿ ದೇವರಮನೆಯ ಗೂಡಿನಲ್ಲಿಟ್ಟೆ.

ಮರುದಿನ ಮಿಲ್ಲಿನಲ್ಲಿ ಪಾನಾ, ತೂಕದ ಬಟ್ಟು, ಚೀಲ ಹೊಲಿಯುವ ದಬ್ಬಣ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಗೆ ವೀಳ್ಯದೆಲೆಯ ಮೇಲೆ ನನ್ನ ಹರಳು. ಅದರ ಮೇಲಿನ ಬಿಳುಪನ್ನು ವಿಭೂತಿಯೆಂದುಕೊಂಡು ಒರೆಸಿದೆ. ಹೋಗಲಿಲ್ಲ.

ಇದಕ್ಕೇನು ಮಾಡಿದೆ ಎಂದು ಅವ್ವನನ್ನು ಕೇಳಿದೆ.

"ಮುಟ್ಟಬ್ಯಾಡ ಅಂದಿದ್ಯಲ್ಲ, ಅದಕ್ಕೇ ತಲೆಗೆ ನೀರು ಹಾಕ್ಕಂಡು ಮಡೀಲೇ ಮುಟ್ಟಿದೀನಿ ಕಣವ್ವ. ರಾತ್ರಿಯೆಲ್ಲ ಅರಿಶಿಣದ ನೀರಾಗೆ ನೆನೆಸಿದ್ದೆ."

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಆದರೆ ಮೊಳಕಾಲ್ಮೂರಿನ ತವರಿನವರು ಬಂದಾಗಲೆಲ್ಲ, ನಮ್ಮ ಹುಡುಗಿ ಇನ್ನೂ ಓದ್ತಾನೇ ಐತೆ ಎಂದು ತಲೆ ತಗ್ಗಿಸುತ್ತಿದ್ದ ಅವ್ವ, ಅಂದು ಮೊದಲ ಸಲ ನನ್ನ ಕೆಲಸವನ್ನೂ ಕೆಲಸವೆಂದು ಆ ಸಾಲಿಗೆ ಸೇರಿಸಿದ್ದಳು. ಆರತಿ ತಟ್ಟೆ ಹಿಡಿದು ನಗುತ್ತಿದ್ದಳು. ನೀರು ತಾಗಿ ಹರಳು ಕೆಟ್ಟಿತೆಂದು ಹೇಳದೆ ಆರತಿ ತೆಗೆದುಕೊಂಡೆ.

ಬೇರೆ ಹರಳು ಇರಲಿಲ್ಲ. ಗುರುಗಳು ಅದನ್ನೇ ಒಯ್ದರು. ಅಲ್ಲಿಂದ ಬಂದ ಫಲಿತಾಂಶದಲ್ಲಿ ಒಂದು ಅಲೆಯೂ ಇರಲಿಲ್ಲ. ನಾನು ದಿನವಿಡೀ ಅತ್ತೆ.

ಸಂಜೆ ಮನೆಗೆ ಫೋನ್ ಮಾಡಿ, ಆಗಲಿಲ್ಲ ಅವ್ವ, ಕೊಟ್ಟ ಮಾತಿನಂತೆ ಬರುತ್ತೇನೆ ಎಂದೆ.

"ಎಲ್ಲಾ ನನ್ನಿಂದಲೇ ಆಗಿದ್ದು ಕಣವ್ವ," ಎಂದಳು ಅವ್ವ.

ನೀರಿನ ವಿಷಯ ಅವಳಿಗೆ ಯಾರು ಹೇಳಿಬಿಟ್ಟರೋ ಎಂದುಕೊಂಡೆ.

"ಒಂದೇ ರಾತ್ರಿ ನೆನೆಸಿದೆ. ಮೂರು ದಿನ ಇಡಬೇಕಿತ್ತು."